ದಲ್ಲಾಳಿಯ ‘ಎರಡು ಹಲ್ಲು’, ಸ್ಕಾಟ್ಲೆಂಡಿನ ‘ಗಿಮ್ಮರ್’: ಹೆಣ್ಣು ಕುರಿಯ ಪ್ರಾಯ ತಿಳಿಯುವುದು ಹೇಗೆ?

ಪ್ರಶ್ನೆ: ಡಾಕ್ಟ್ರೇ, ನಮಸ್ಕಾರ. ನಮ್ಮದು ಉಡುಪಿ ಜಿಲ್ಲೆ, ಕಾರ್ಕಳ ತಾಲೂಕಿನ ಒಂದು ಹಳ್ಳಿ. ಮಸ್ಕತ್‌ನ ಕೆಲಸ ಬಿಟ್ಟು ಊರಿಗೆ ಬಂದಿದ್ದೇನೆ. ಅಡಿಕೆ ತೋಟ ಇದೆ, ತೋಟದ ಮೇಲೆ ಸ್ವಲ್ಪ ಗುಡ್ಡೆ ಜಾಗ ಇದೆ. ಹತ್ತು ಹೆಣ್ಣು ಕುರಿ ತಂದು ಸಾಕಬೇಕು ಅಂತ ಆಸೆ. ಯೂಟ್ಯೂಬಿನಲ್ಲಿ ಇಂಗ್ಲೆಂಡ್, ಸ್ಕಾಟ್ಲೆಂಡ್ ಕಡೆಯ ಕುರಿ ಸಾಕಣೆಯ ವಿಡಿಯೊ ನೋಡುತ್ತೇನೆ. ಎಳೆ ಪ್ರಾಯದ ಹೆಣ್ಣು ಕುರಿಗೆ ಒಬ್ಬರು ಹಾಗ್ ಅನ್ನುತ್ತಾರೆ, ಒಬ್ಬರು ಗಿಮ್ಮರ್, ಇನ್ನೊಬ್ಬರು ಥೀವ್, ಮತ್ತೊಬ್ಬರು ಚಿಲ್ವರ್. ಇಲ್ಲಿ ನನಗೆ ಕುರಿ ಕೊಡಿಸುತ್ತೇನೆ ಅಂದ ದಲ್ಲಾಳಿ ಫೋನಿನಲ್ಲಿ ‘ಎಲ್ಲಾ ಎರಡು ಹಲ್ಲಿನ ಮಾಲು ಸರ್’ ಅನ್ನುತ್ತಾನೆ. ಇವೆಲ್ಲ ಎಷ್ಟು ತಿಂಗಳ ಪ್ರಾಯ? ನಮ್ಮ ಭಾಷೆಯಲ್ಲಿ ಇವಕ್ಕೆ ಹೆಸರು ಉಂಟಾ? ನಾನು ತರಬೇಕಾದ್ದು ಯಾವುದನ್ನು? ಆಡಿಗೂ ಇದೇ ಲೆಕ್ಕವಾ?

ಉತ್ತರ: ದಲ್ಲಾಳಿಯ ಮಾತಿನಿಂದಲೇ ಶುರು ಮಾಡುವ. ನಿಮ್ಮ ದುಡ್ಡು ಹೋಗುವುದು ಅಲ್ಲಿ ತಾನೇ.

‘ಎರಡು ಹಲ್ಲು’ ಅಂದರೆ ಬಾಯಲ್ಲಿ ಎರಡೇ ಹಲ್ಲು ಇದೆ ಅಂತ ಅಲ್ಲ. ಮುಂದಿನ ಹಾಲುಹಲ್ಲುಗಳಲ್ಲಿ ನಡುವಿನ ಎರಡು ಬಿದ್ದು, ಆ ಜಾಗದಲ್ಲಿ ಎರಡು ಕಾಯಂ ಹಲ್ಲು ಬಂದಿವೆ ಅಂತ. ಪ್ರಾಯ ಸುಮಾರು ಒಂದು ವರ್ಷದಿಂದ ಒಂದೂವರೆ ವರ್ಷ. ಅಲ್ಲಿಂದ ಮುಂದೆ ವರ್ಷಕ್ಕೆ ಹೆಚ್ಚುಕಡಿಮೆ ಒಂದೊಂದು ಜೊತೆ ಬರುತ್ತಾ ಹೋಗುತ್ತದೆ. ಎರಡು ವರ್ಷದ ಸುಮಾರಿಗೆ ನಾಲ್ಕು ಹಲ್ಲು, ಮೂರರ ಸುಮಾರಿಗೆ ಆರು, ನಾಲ್ಕರ ಹತ್ತಿರ ಎಂಟು. ಎಂಟೂ ಬಂದರೆ ‘ಬಾಯ್ಗೂಡಿದೆ’ ಅನ್ನುತ್ತಾರೆ. ಮೇವು, ತಳಿ, ಆರೈಕೆ ನೋಡಿಕೊಂಡು ಒಂದೆರಡು ತಿಂಗಳು, ಕೆಲವೊಮ್ಮೆ ಅದಕ್ಕಿಂತ ಜಾಸ್ತಿಯೇ, ಹಿಂದೆ ಮುಂದೆ ಆಗುತ್ತದೆ. ಹಾಗಾಗಿ ಹಲ್ಲು ನೋಡಿ ‘ಸರಿಯಾಗಿ ಹದಿನಾಲ್ಕು ತಿಂಗಳು’ ಅಂತ ಯಾರಾದರೂ ಹೇಳಿದರೆ ಸುಮ್ನೆ ತಲೆ ಆಡಿಸಿ.

ಈ ಲೆಕ್ಕ ನಮ್ಮವರಿಗೆ ಹೊಸದಲ್ಲ. ಕಂಬಳದಲ್ಲಿ ಕೋಣಗಳನ್ನು ಕಿರಿಯ, ಹಿರಿಯ ಅಂತ ಬೇರೆ ಮಾಡುವಾಗ ನೋಡುವುದು ಹಲ್ಲನ್ನೇ. ಘಟ್ಟದ ಮೇಲೆ ಟಗರಿನ ಕಾಳಗದ ಪೋಸ್ಟರ್ ನೋಡಿದರೆ ಅಲ್ಲೂ ಹಾಲುಹಲ್ಲು, ಎರಡು ಹಲ್ಲು, ನಾಲ್ಕು ಹಲ್ಲು ಅಂತ ವಿಭಾಗ ಹಾಕಿರುತ್ತಾರೆ. ಹುಟ್ಟಿದ ತಾರೀಖು ಬರೆದಿಡುವ ಪದ್ಧತಿ ಇಲ್ಲದ ಕಡೆ ಪ್ರಾಣಿಯ ಬಾಯಿಯೇ ಅದರ ಜಾತಕ.

ಈಗ ಬಾಯಿ ನೋಡುವುದು ಹೇಗೆ ಅಂತ ಹೇಳುತ್ತೇನೆ. ಫೋಟೊ ಕಳಿಸಿ ಅಂದರೆ ದಲ್ಲಾಳಿ ಕೊಂಬಿನದ್ದೋ ಬೆನ್ನಿನದ್ದೋ ಕಳಿಸುತ್ತಾನೆ. ಹೋಗಿ ನೋಡುವುದೇ ಸರಿ. ಕುರಿಯನ್ನು ಗೋಡೆಗೆ ಒತ್ತಿ ನಿಲ್ಲಿಸಿ. ಎಡಗೈಯನ್ನು ದವಡೆಯ ಕೆಳಗೆ ಕೊಟ್ಟು ತಲೆ ಸ್ವಲ್ಪ ಎತ್ತಿ. ಬಲಗೈಯ ಹೆಬ್ಬೆರಳಿನಿಂದ ಕೆಳತುಟಿಯನ್ನು ಕೆಳಗೆ ಎಳೆಯಿರಿ. ಬಾಯಿ ಅಗಲಿಸಬೇಕು ಅಂತಿಲ್ಲ, ತುಟಿ ಸರಿದರೆ ಸಾಕು. ಮೇಲೆ ಮುಂದಿನ ಹಲ್ಲೇ ಕಾಣುವುದಿಲ್ಲ. ಹೆದರಬೇಡಿ, ಕುರಿಗೆ ಅಲ್ಲಿ ಹಲ್ಲು ಇರುವುದೇ ಇಲ್ಲ, ಗಟ್ಟಿ ವಸಡು ಮಾತ್ರ. ಕೆಳಗೆ ಎಂಟು ಹಲ್ಲು ಸಾಲಾಗಿರುತ್ತವೆ. ಹಾಲುಹಲ್ಲು ಅಕ್ಕಿಕಾಳಿನ ಹಾಗೆ ಸಣ್ಣ, ಸಪೂರ. ಕಾಯಂ ಹಲ್ಲು ಅದರ ಹೆಚ್ಚುಕಡಿಮೆ ಎರಡರಷ್ಟು ಅಗಲ. ನಡುವೆ ಎರಡು ಅಗಲದ್ದು, ಆಚೆ ಈಚೆ ಮೂರು ಮೂರು ಸಣ್ಣದು ಕಂಡರೆ ಅದು ಎರಡು ಹಲ್ಲಿನ ಕುರಿ. ಒಮ್ಮೆ ನೋಡಿದರೆ ಮತ್ತೆ ಮರೆಯುವುದಿಲ್ಲ.

ಮೋಸ ಆಗುವುದು ಎರಡು ಜಾಗದಲ್ಲಿ. ಒಂದು, ಹಾಲುಹಲ್ಲು ಬಿದ್ದು ಹೊಸದು ಇನ್ನೂ ಅರ್ಧ ಬಂದಿರುವಾಗ ನಡುವೆ ಸಂದು ಕಾಣುತ್ತದೆ. ಹೊಸಬರು ಅದನ್ನು ಮುದಿ ಕುರಿ ಅಂತ ಬಿಟ್ಟುಬಿಡುತ್ತಾರೆ. ಇದು ಪರವಾಗಿಲ್ಲ, ದುಡ್ಡು ಹೋಗುವುದಿಲ್ಲ. ಇನ್ನೊಂದು ಇದರ ಉಲ್ಟಾ. ಆರೇಳು ವರ್ಷದ ಕುರಿಯ ಹಲ್ಲು ಸವೆದು ಗಿಡ್ಡ ಆಗಿರುತ್ತದೆ, ಅದನ್ನು ಹಾಲುಹಲ್ಲು ಅಂತ ದಾಟಿಸುವವರು ಇದ್ದಾರೆ. ವಸಡು ನೋಡಿ. ಎಳೆ ಕುರಿಯ ವಸಡು ತುಂಬಿಕೊಂಡು ಹಲ್ಲಿನ ಬುಡ ಹಿಡಿದಿರುತ್ತದೆ, ಹಲ್ಲು ಒಂದಕ್ಕೊಂದು ತಾಗಿಕೊಂಡಿರುತ್ತದೆ. ಮುದಿ ಕುರಿಯ ವಸಡು ಕೆಳಗೆ ಸರಿದಿರುತ್ತದೆ, ಹಲ್ಲಿನ ಮಧ್ಯೆ ಕಿಂಡಿ ಇರುತ್ತದೆ, ಬೆರಳಲ್ಲಿ ತಳ್ಳಿದರೆ ಒಂದೆರಡು ಅಲ್ಲಾಡುತ್ತವೆ. ಇಂಥದ್ದಕ್ಕೆ ಬ್ರಿಟನ್‌ನಲ್ಲಿ ಬ್ರೋಕನ್ ಮೌತ್ ಅನ್ನುತ್ತಾರೆ. ಹೆಸರು ಏನೇ ಇರಲಿ, ಅದು ಹುಲ್ಲು ಕಚ್ಚಲಾರದೆ ಸೊರಗುವ ಕುರಿ.

ಇನ್ನು ನಿಮ್ಮ ವಿಡಿಯೊದ ಹೆಸರುಗಳಿಗೆ ಬರುವ. ಇವನ್ನು ತಿಂಗಳಿನ ಲೆಕ್ಕಕ್ಕೆ ಹಾಕಲು ಹೋದರೆ ತಲೆ ಕೆಡುತ್ತದೆ, ಯಾಕೆಂದರೆ ಅವು ಪ್ರಾಯದ ಹೆಸರುಗಳೇ ಅಲ್ಲ. ಹಾಲು ಬಿಡಿಸಿದ್ದು, ಮೊದಲ ಸಲ ಉಣ್ಣೆ ಕತ್ತರಿಸಿದ್ದು, ಮೊದಲ ಮರಿ ಹಾಕಿದ್ದು, ಇಂಥ ಘಟ್ಟಗಳ ಹೆಸರು. ಸ್ಕಾಟ್ಲೆಂಡಿನಲ್ಲಿ ಏಪ್ರಿಲ್ ತಿಂಗಳಲ್ಲಿ ಒಂದು ಹೆಣ್ಣು ಮರಿ ಹುಟ್ಟಿತು ಅಂತ ಇಟ್ಟುಕೊಳ್ಳಿ. ತಾಯಿಯ ಹಾಲು ಕುಡಿಯುವಷ್ಟು ದಿನ ಅದು ಈವ್ ಲ್ಯಾಂಬ್, ಅಲ್ಲಿನವರ ಬಾಯಲ್ಲಿ ಗಿಮ್ಮರ್ ಲ್ಯಾಂಬ್. ಆಗಸ್ಟ್ ಹೊತ್ತಿಗೆ ಹಾಲು ಬಿಡಿಸುತ್ತಾರೆ. ಅಲ್ಲಿಂದ ಚಳಿಗಾಲ ಪೂರ್ತಿ ಅದು ಈವ್ ಹಾಗ್. ಮುಂದಿನ ಬೇಸಿಗೆಯಲ್ಲಿ, ಅಂದರೆ ಜೂನ್-ಜುಲೈಯಲ್ಲಿ, ಮೊದಲ ಸಲ ಉಣ್ಣೆ ಕತ್ತರಿಸುತ್ತಾರೆ. ಆ ದಿನದಿಂದ ಅದು ಗಿಮ್ಮರ್. ನವೆಂಬರ್‌ನಲ್ಲಿ ಟಗರು ಬಿಡುತ್ತಾರೆ, ಎರಡು ವರ್ಷ ತುಂಬುವ ಹೊತ್ತಿಗೆ ಚೊಚ್ಚಲ ಮರಿ. ಎರಡನೇ ಸಲ ಉಣ್ಣೆ ಕತ್ತರಿಸಿದ ಮೇಲೆ ಬರೀ ಈವ್, ಅಂದರೆ ತಾಯಿಕುರಿಗಳ ಸಾಲಿಗೆ ಸೇರಿತು.

ಇದೇ ಗಿಮ್ಮರ್ ಇಂಗ್ಲೆಂಡಿನ ದಕ್ಷಿಣಕ್ಕೆ, ನಡುನಾಡಿಗೆ ಬಂದರೆ ಥೀವ್ ಆಗುತ್ತದೆ. ಇನ್ನು ಕೆಲವು ಕಡೆ ಶಿಯರ್ಲಿಂಗ್, ಅಂದರೆ ಒಮ್ಮೆ ಕತ್ತರಿ ಕಂಡದ್ದು. ಉತ್ತರದ ಹಾಗ್‌ಗೆ ದಕ್ಷಿಣದಲ್ಲಿ ಟೆಗ್ ಅನ್ನುವುದೂ ಇದೆ. ಚಿಲ್ವರ್ ಮಾತ್ರ ಬೇರೆ. ಅದು ಗ್ಲಾಸ್ಟರ್‌ಶೈರ್, ವಿಲ್ಟ್‌ಶೈರ್ ಕಡೆಯ ಮಾತು, ಹೆಣ್ಣು ಮರಿಗೆ ಹೇಳುವುದು. ಅದನ್ನು ಗಿಮ್ಮರ್ ಜೊತೆ ಬೆರೆಸಬೇಡಿ, ಒಂದು ಬೇಸಿಗೆಯಷ್ಟು ವ್ಯತ್ಯಾಸ ಇದೆ. ಥೀವ್ ವಿಷಯದಲ್ಲಿ ಅಲ್ಲಿನವರಲ್ಲೇ ಒಮ್ಮತ ಇಲ್ಲ. ಒಂದು ಊರಿನಲ್ಲಿ ಇನ್ನೂ ಮರಿ ಹಾಕದ್ದು, ಇನ್ನೊಂದು ಊರಿನಲ್ಲಿ ಚೊಚ್ಚಲ ಮರಿ ಹಾಕಿದ್ದೂ ಥೀವೇ.

ಒಂದೇ ಪ್ರಾಣಿಗೆ ಇಷ್ಟು ಹೆಸರು ಯಾಕೆ ಅಂತ ಕೇಳಿದರೆ, ಅಲ್ಲಿಗೆ ಬಂದು ನೆಲೆಸಿದ ಜನ ಬೇರೆ ಬೇರೆ. ಗಿಮ್ಮರ್ ಉತ್ತರದಲ್ಲಿ ಮಾತ್ರ ಯಾಕೆ ಕೇಳುತ್ತದೆ ಗೊತ್ತಾ? ಸಾವಿರಕ್ಕೂ ಹೆಚ್ಚು ವರ್ಷಗಳ ಹಿಂದೆ ಆ ಕಡೆ ನೆಲೆಸಿದ ವೈಕಿಂಗರ ಮಾತು ಅದು. ಐಸ್‌ಲ್ಯಾಂಡಿನಲ್ಲಿ ಇವತ್ತಿಗೂ ಹೆಣ್ಣು ಕುರಿಮರಿಗೆ ಗಿಂಬುರ್ ಅನ್ನುತ್ತಾರೆ. ಹಾಗ್ ಬಗ್ಗೆ ಒಂದು ಎಚ್ಚರ: ನಮ್ಮ ಮಂಗಳೂರಲ್ಲಿ ಹಾಗ್ ಅಂದರೆ ಹಂದಿ, ಬಫಾತ್‌ಗೆ ಹೋಗುವಂಥದ್ದು. ಬ್ರಿಟನ್ನಿನ ಕುರಿ ಸಂತೆಯಲ್ಲಿ ಹಾಗ್ ಅಂದರೆ ಹಾಲು ಬಿಟ್ಟು ಇನ್ನೂ ಕತ್ತರಿ ಕಾಣದ ಕುರಿ. ನ್ಯೂಜಿಲ್ಯಾಂಡ್, ಆಸ್ಟ್ರೇಲಿಯಾದವರು ಇದನ್ನೇ ಹಾಗೆಟ್ ಅನ್ನುತ್ತಾರೆ, ಮಾಂಸದ ಅಂಗಡಿಯಲ್ಲೂ ಆ ಹೆಸರು ನಡೆಯುತ್ತದೆ.

ಆ ಕಡೆಯ ವಿಡಿಯೊ ಸಿಕ್ಕಿದರೆ ಜಾಸ್ತಿ ನೋಡಿ, ನಿಮಗೆ ಅದು ಹತ್ತಿರ. ನ್ಯೂಜಿಲ್ಯಾಂಡಿನವರು ಗಿಮ್ಮರ್ ಗೊಡವೆಗೆ ಹೋಗದೆ ಟೂ-ಟೂತ್, ಫೋರ್-ಟೂತ್ ಅನ್ನುತ್ತಾರೆ. ನಿಮ್ಮ ದಲ್ಲಾಳಿ ಹೇಳಿದ್ದೂ ಅದನ್ನೇ ಅಲ್ವಾ? ಆಸ್ಟ್ರೇಲಿಯಾದಲ್ಲಂತೂ ಯಾವುದನ್ನು ಲ್ಯಾಂಬ್ ಅಂತ ಮಾರಬಹುದು ಅನ್ನುವುದಕ್ಕೂ ಹಲ್ಲಿನ ಲೆಕ್ಕ ಇದೆ. 2019ರ ಜುಲೈ 1ರಿಂದ ಅಲ್ಲಿನ ನಿಯಮ ಸ್ವಲ್ಪ ಬದಲಾಯಿತು. ಕಾಯಂ ಹಲ್ಲು ತಲೆ ಎತ್ತಿದರೂ ಅದು ಇನ್ನೂ ಕಚ್ಚುವ ಮಟ್ಟಕ್ಕೆ ಬೆಳೆಯದಿದ್ದರೆ ಲ್ಯಾಂಬ್ ಅಂತಲೇ ಲೆಕ್ಕ. ಒಂದು ಹಲ್ಲು ಎಷ್ಟು ಮೇಲೆ ಬಂದಿದೆ ಅನ್ನುವುದರ ಮೇಲೆ ರೈತನ ರೇಟು ನಿಲ್ಲುತ್ತದೆ.

ನಮ್ಮಲ್ಲಿ ಹೆಸರು ಉಂಟಾ ಅಂತ ಕೇಳಿದ್ದೀರಿ. ದನಕ್ಕೆ ಬೇಕಾದಷ್ಟು ಉಂಟು. ಇನ್ನೂ ಕರು ಹಾಕದ ಹೆಣ್ಣಿಗೆ ಕಡಸು, ನಮ್ಮ ಕರಾವಳಿಯ ಬಾಯಲ್ಲಿ ಗಡಸು. ಘಟ್ಟದ ಮೇಲೆ ಮಣಕ, ಪಡ್ಡೆ ಅನ್ನುವುದೂ ಕೇಳುತ್ತದೆ. ಕುರಿಗೆ ನಮ್ಮ ಈ ಕಡೆ ಅಷ್ಟೆಲ್ಲ ಇಲ್ಲ, ಯಾಕೆಂದರೆ ಕುರಿಯೇ ಇಲ್ಲ. ಕರಾವಳಿಯ ಹಟ್ಟಿಯಲ್ಲಿ ಇದ್ದದ್ದು ದನ, ಕೋಣ, ಹೆಚ್ಚೆಂದರೆ ಆಡು. ಬಯಲುಸೀಮೆಯ ಕುರುಬರ ಹತ್ತಿರ ಮಾತಾಡಿದರೆ ಬೇರೆ ಹೆಸರಿಗಿಂತ ಬೆಳವಣಿಗೆಯ ಘಟ್ಟವನ್ನೇ ಹೇಳುವುದು ಜಾಸ್ತಿ: ಹೆಣ್ಣು ಮರಿ, ಹಾಲು ಬಿಟ್ಟ ಮರಿ, ಹಾಲುಹಲ್ಲಿನದು, ಎರಡು ಹಲ್ಲಿನದು, ಚೊಚ್ಚಲ ಕುರಿ, ಬಾಯ್ಗೂಡಿದ ಕುರಿ. ನನಗೆ ಕೇಳಿದರೆ ವ್ಯಾಪಾರಕ್ಕೆ ಇದೇ ವಾಸಿ. ಗಿಮ್ಮರ್ ಅಂದರೆ ಎದುರಿನವ ಯಾವ ಜಿಲ್ಲೆಯವ ಅಂತ ಕೇಳಬೇಕು. ಎರಡು ಹಲ್ಲು ಅಂದರೆ ತುಟಿ ಸರಿಸಿ ನೋಡಿದರಾಯಿತು.

ಬ್ರಿಟನ್ನಿನ ಹೆಸರನ್ನು ಇಲ್ಲಿಗೆ ತಂದರೆ ಕೂರುವುದಿಲ್ಲ ಅನ್ನುವುದಕ್ಕೆ ಇನ್ನೂ ಎರಡು ಕಾರಣ ಇದೆ. ಅಲ್ಲಿನ ಬಹುಪಾಲು ಕುರಿ ಬೆದೆಗೆ ಬರುವುದು ಹಗಲು ಗಿಡ್ಡ ಆಗುತ್ತಾ ಬರುವ ಕಾಲದಲ್ಲಿ. ಅದಕ್ಕೇ ಮರಿಗಳೆಲ್ಲ ಹೆಚ್ಚುಕಡಿಮೆ ಒಂದೇ ಕಾಲಕ್ಕೆ ಹುಟ್ಟುತ್ತವೆ, ಒಂದೇ ತರಗತಿಯ ಮಕ್ಕಳ ಹಾಗೆ ಒಟ್ಟಿಗೆ ಬಡ್ತಿ ಪಡೆಯುತ್ತವೆ. ನಮ್ಮ ಕುರಿ ವರ್ಷದ ಯಾವ ತಿಂಗಳಲ್ಲಾದರೂ ಬೆದೆಗೆ ಬರಬಹುದು, ಹಾಗಾಗಿ ಒಂದೇ ಮಂದೆಯಲ್ಲಿ ನಾನಾ ಪ್ರಾಯದ ಮರಿ ಇರುತ್ತವೆ. ಎರಡನೆಯದು ಉಣ್ಣೆ. ಕಂಬಳಿಗೆ ಉಣ್ಣೆ ಕೊಡುವ ಡೆಕ್ಕನಿ ಕುರಿಗೆ ಸಾಮಾನ್ಯವಾಗಿ ವರ್ಷಕ್ಕೆ ಎರಡು ಸಲ ಕತ್ತರಿ ಹಾಕುತ್ತಾರೆ. ಬನ್ನೂರು, ಕೆಂಗುರಿ ತಳಿಗಳ ಮೈಮೇಲೆ ಇರುವುದು ಕೂದಲು, ಕತ್ತರಿಸುವಂಥ ಉಣ್ಣೆ ಅಲ್ಲ. ಕತ್ತರಿಯನ್ನೇ ಕಾಣದ ಕುರಿಗೆ ಶಿಯರ್ಲಿಂಗ್ ಅನ್ನುವುದು ಹೇಗೆ?

ಸರಿ, ಯಾವುದನ್ನು ತರಬೇಕು? ನನ್ನ ಉತ್ತರ: ಎರಡು ಹಲ್ಲಿನದು, ಇನ್ನೂ ಮರಿ ಹಾಕದ್ದು, ಗಬ್ಬ ಇಲ್ಲದ್ದು. ಅಂದರೆ ಅವರ ಗಿಮ್ಮರ್ ಇದೆಯಲ್ಲ, ಹೆಚ್ಚುಕಡಿಮೆ ಅದೇ. ಮೂರ್ನಾಲ್ಕು ತಿಂಗಳ ಮರಿ ಅಗ್ಗಕ್ಕೆ ಸಿಗುತ್ತದೆ, ಆದರೆ ಊರು ಬದಲಾದಾಗ ಮೊದಲು ಸಾಯುವುದೂ ಅದೇ. ಹೊಸಬರು ಅದಕ್ಕೆ ಕೈ ಹಾಕಬಾರದು. ಗಬ್ಬದ ಕುರಿ ಕೊಡುತ್ತೇನೆ, ಒಂದರ ರೇಟಿಗೆ ಎರಡು ಅನ್ನುತ್ತಾರೆ. ಕುರಿಯ ಗಬ್ಬ ಸುಮಾರು 150 ದಿನ. ತಿಂಗಳು ತುಂಬುತ್ತಿರುವುದನ್ನು ಪಿಕಪ್‌ನಲ್ಲಿ ತುಂಬಿಸಿ ಚಾರ್ಮಾಡಿ ಇಳಿಸಿದರೆ ಕೆಲವು ದಾರಿಯಲ್ಲೇ ಕಂದು ಹಾಕುತ್ತವೆ. ಬಾಯ್ಗೂಡಿದ ‘ಅನುಭವಿ ತಾಯಿಕುರಿ’ಯ ಬಗ್ಗೆಯೂ ಒಂದು ಮಾತು. ಬ್ರಿಟನ್ನಿನ ಬೆಟ್ಟದ ರೈತರು ನಾಲ್ಕೈದು ವರ್ಷದ ಕುರಿಗಳನ್ನು ಡ್ರಾಫ್ಟ್ ಈವ್ ಅಂತ ಬಯಲಿನ ರೈತರಿಗೆ ಮಾರುತ್ತಾರೆ. ಬೆಟ್ಟದ ಕಷ್ಟದಿಂದ ಬಯಲಿನ ಒಳ್ಳೆ ಹುಲ್ಲಿಗೆ ಬಂದ ಕುರಿ ಇನ್ನೂ ಒಂದೆರಡು ಸೂಲು ಚೆನ್ನಾಗಿ ಕೊಡುತ್ತದೆ. ನಿಮ್ಮಲ್ಲಿ ನಡೆಯುವುದು ಇದರ ಉಲ್ಟಾ. ಒಣ ಸೀಮೆಯಿಂದ ಮಳೆ ಸೀಮೆಗೆ, ಸುಖದಿಂದ ಕಷ್ಟಕ್ಕೆ ತರುತ್ತಿದ್ದೀರಿ. ಹಳೆ ಕುರಿ ಅದನ್ನು ತಡೆಯುವುದಿಲ್ಲ.

ಬಾಯಿ ನೋಡಿ ಆದ ಮೇಲೆ ಕೂಡಲೇ ಹಿಂದೆ ಹೋಗಿ ಕೆಚ್ಚಲು ನೋಡಿ. ಎರಡನ್ನೂ ಸೇರಿಸಿ ಓದಬೇಕು, ಇದನ್ನು ದಲ್ಲಾಳಿ ಹೇಳಿಕೊಡುವುದಿಲ್ಲ. ಮರಿ ಹಾಕದ ಕುರಿಯ ಕೆಚ್ಚಲು ಪುಟ್ಟದು, ತೊಡೆಗೆ ಅಂಟಿದ ಹಾಗೆ ಬಿಗಿಯಾಗಿರುತ್ತದೆ, ಮೊಲೆತೊಟ್ಟು ಗಿಡ್ಡ. ಎರಡು ಹಲ್ಲು ಆಗಷ್ಟೇ ಬಂದಿದೆ, ಕೆಚ್ಚಲು ಮಾತ್ರ ಜೋಲು ಬಿದ್ದಿದೆ, ತೊಟ್ಟು ಉದ್ದ ಆಗಿದೆ ಅಂದರೆ ಅದು ತಾನೇ ಮರಿಯಾಗಿದ್ದಾಗ ಗಬ್ಬ ಕಟ್ಟಿದೆ ಅಂತ ಅರ್ಥ. ಟಗರು ಮರಿಗಳನ್ನು ಬೇರೆ ಮಾಡದೆ ಒಟ್ಟಿಗೆ ಬಿಟ್ಟ ಮಂದೆಯಲ್ಲಿ ಇದು ಮಾಮೂಲು. ಗಂಡು ಮರಿ ಐದಾರು ತಿಂಗಳಿಗೇ ಹಾರಲು ಶುರು ಮಾಡುತ್ತದೆ. ಇಂಥ ಕುರಿಯ ಮೈ ಆಮೇಲೆ ಸರಿಯಾಗಿ ತುಂಬುವುದು ಕಷ್ಟ. ಅದೇ ನಾಲ್ಕು ಹಲ್ಲು, ಆರು ಹಲ್ಲು ಬಂದಿದೆ, ಕೆಚ್ಚಲು ಇನ್ನೂ ಪುಟ್ಟ ಮರಿಯದ್ದರ ಹಾಗಿದೆ ಅಂದರೆ ಗೊಡ್ಡು ಇರಬಹುದು. ಅದನ್ನು ‘ಇನ್ನೂ ಮರಿ ಹಾಕಿಲ್ಲ ಸರ್, ಫ್ರೆಶ್’ ಅಂತ ಹೊಗಳುತ್ತಾರೆ. ಕೆಚ್ಚಲನ್ನು ಒಮ್ಮೆ ಹಿಚುಕಿ ನೋಡಿ, ಒಳಗೆ ಗಂಟು ಸಿಕ್ಕಿದರೆ ಬೇಡ. ಆಮೇಲೆ ಕಣ್ಣಿನ ಕೆಳರೆಪ್ಪೆ ಮಗುಚಿ ನೋಡಿ. ಒಳಗೆ ಕೆಂಪಗಿದ್ದರೆ ಒಳ್ಳೆಯದು. ಬಿಳಿಚಿಕೊಂಡಿದ್ದರೆ ಹೊಟ್ಟೆಯಲ್ಲಿ ರಕ್ತ ಹೀರುವ ಜಂತುಹುಳ ಇರಬಹುದು.

ತಂದ ಕೂಡಲೇ ಟಗರು ಬಿಡಬೇಡಿ. ಆ ತಳಿಯ ತಾಯಿಕುರಿಯ ತೂಕದ ಮೂರನೇ ಎರಡು ಭಾಗವಾದರೂ ಮೈ ಬಂದಿರಬೇಕು. ತಾಯಿ 30 ಕಿಲೊ ತೂಗುವ ತಳಿಯಾದರೆ ನಿಮ್ಮದು 20 ಕಿಲೊ ದಾಟಿರಬೇಕು. ಹಲ್ಲು ಪ್ರಾಯ ಹೇಳುತ್ತದೆ, ಮೈಯನ್ನು ತಕ್ಕಡಿಯೇ ಹೇಳಬೇಕು. ಬೆದೆ ಸುಮಾರು 17 ದಿನಕ್ಕೊಮ್ಮೆ ಬರುತ್ತದೆ, ಅವಸರ ಬೇಡ.

ಕರಾವಳಿಗೆ ಕುರಿಯೇ ಯಾಕೆ, ಆಡು ಸಾಲದಾ ಅಂತ ಕೇಳುವವರಲ್ಲಿ ನಾನೂ ಒಬ್ಬ. ನಿಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ 4000 ಮಿಲಿಮೀಟರ್ ಆಸುಪಾಸು ಮಳೆ. ಬಳ್ಳಾರಿ, ಕೊಪ್ಪಳ ಕಡೆ ಅದರ ಕಾಲುಭಾಗವೂ ಇಲ್ಲ. ಒದ್ದೆ ನೆಲದಲ್ಲಿ ಗೊರಸು ಕೊಳೆಯುತ್ತದೆ, ಒದ್ದೆ ಹುಲ್ಲಿನಲ್ಲಿ ಜಂತುಹುಳ ಹೆಚ್ಚುತ್ತದೆ. ತರುವುದೇ ಅಂತಾದರೆ ಉಣ್ಣೆಯ ತಳಿ ಬೇಡ, ಕೂದಲಿನ ತಳಿ ನೋಡಿ. ನೆಲದಿಂದ ಎತ್ತರಕ್ಕೆ ಪಟ್ಟಿ ಹೊಡೆದ ಅಟ್ಟಳಿಗೆ ಹಾಕಿ, ಹಿಕ್ಕೆ, ಉಚ್ಚೆ ಕೆಳಗೆ ಬೀಳಲಿ. ದೀಪಾವಳಿ ಕಳೆದ ಮೇಲೆ ತನ್ನಿ, ಮಳೆಗಾಲದ ಮೊದಲು ಆರೇಳು ತಿಂಗಳು ಇಲ್ಲಿನ ಹವೆ ರೂಢಿ ಆಗಲಿ. ಬಂದವನ್ನು ಎರಡು ಮೂರು ವಾರ ಬೇರೆಯೇ ಕಟ್ಟಿ. ಪಿಪಿಆರ್ (ಆಡು-ಕುರಿಗಳ ಪ್ಲೇಗ್ ಅನ್ನುವ ಅಂಟುರೋಗ) ಮತ್ತು ಕರುಳುಬೇನೆಯ ಲಸಿಕೆ ಹಾಕಿದ್ದಾರಾ ಕೇಳಿ, ಇಲ್ಲದಿದ್ದರೆ ನಿಮ್ಮೂರಿನ ಪಶು ಆಸ್ಪತ್ರೆಗೆ ಹೇಳಿ ಹಾಕಿಸಿ.

ನಿಮ್ಮ ಪತ್ರದಲ್ಲಿ ನನಗೆ ಹೆದರಿಕೆ ಹುಟ್ಟಿಸಿದ್ದು ಮಾತ್ರ ಬೇರೆ, ಅಡಿಕೆ ತೋಟ. ಕೊಳೆರೋಗಕ್ಕೆ ಮಳೆಗಾಲದಲ್ಲಿ ಮದ್ದು ಬಿಡುತ್ತೀರಲ್ಲ, ಆ ಬೋರ್ಡೋ ದ್ರಾವಣದಲ್ಲಿ ಇರುವುದು ಮೈಲುತುತ್ತು, ಅಂದರೆ ತಾಮ್ರ. ಗೊನೆಗೆ ಬಿಟ್ಟದ್ದು ಕೆಳಗಿನ ಹುಲ್ಲಿಗೂ ಸುರಿಯುತ್ತದೆ. ದನ ತಾಮ್ರವನ್ನು ತಕ್ಕಮಟ್ಟಿಗೆ ತಡೆದುಕೊಳ್ಳುತ್ತದೆ. ಕುರಿ ಹಾಗಲ್ಲ. ತಾಮ್ರ ಅದರ ಪಿತ್ತಜನಕಾಂಗದಲ್ಲಿ ತಿಂಗಳುಗಟ್ಟಲೆ ಸುಮ್ಮನೆ ಸೇರುತ್ತಾ ಇರುತ್ತದೆ. ಹೊರಗೆ ಏನೂ ಕಾಣುವುದಿಲ್ಲ. ಒಂದು ದಿನ ಮೇವು ಬಿಡುತ್ತದೆ, ಕಣ್ಣು ಹಳದಿ ಆಗುತ್ತದೆ, ಉಚ್ಚೆ ಕಾಫಿ ಬಣ್ಣಕ್ಕೆ ತಿರುಗುತ್ತದೆ. ಆ ಹಂತಕ್ಕೆ ಬಂದರೆ ಉಳಿಸುವುದು ಬಹಳ ಕಷ್ಟ. ಹಾಗಾಗಿ ಮದ್ದು ಬಿಟ್ಟ ತೋಟದ ಹುಲ್ಲು ಕುರಿಗೆ ಬೇಡವೇ ಬೇಡ, ಗುಡ್ಡೆಯಲ್ಲೇ ಮೇಯಲಿ. ದನಕ್ಕೆ ಅಂತ ತಂದ ಖನಿಜ ಮಿಶ್ರಣವನ್ನೂ ಹಾಕಬೇಡಿ, ಅದರಲ್ಲೂ ತಾಮ್ರ ಜಾಸ್ತಿ ಇರುತ್ತದೆ. ಕುರಿಗೆಂದೇ ಮಾಡಿದ್ದು ಸಿಗುತ್ತದೆ.

ಆಡಿನ ಪ್ರಶ್ನೆಗೆ ಉತ್ತರ ಸಣ್ಣದು. ಹೌದು, ಆಡಿಗೂ ಕೆಳಗೆ ಎಂಟೇ ಹಲ್ಲು, ಬೀಳುವ ಕ್ರಮವೂ ಒಂದೇ, ಪ್ರಾಯದ ಲೆಕ್ಕವೂ ಹೆಚ್ಚುಕಡಿಮೆ ಅದೇ. ತುಟಿ ಎಳೆದರೆ ಕುರಿಯಷ್ಟು ಸುಮ್ಮನೆ ನಿಲ್ಲುವುದಿಲ್ಲ, ಕೊಂಬು ಹಿಡಿದುಕೊಳ್ಳಲು ಇನ್ನೊಬ್ಬರನ್ನು ಕರೆದುಕೊಂಡು ಹೋಗಿ.